ಫ್ಲೋ ಒಪ್ಪಂದಕ್ಕೆ ಸಹಿ ಹಾಕುವ ಮೊದಲು: ಮೆಸಾದಲ್ಲಿರುವ ತಂಗಿಗೆ

ತಂಗೀ, ನಿನ್ನ ಪತ್ರ ಎರಡು ಸಲ ಓದಿದೆ. ಅಣ್ಣ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಇದೇ ಪ್ರಶ್ನೆ ಬೇರೆ ಹುಡುಗರೂ ಕೇಳುತ್ತಿರುತ್ತಾರೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಉತ್ತರಿಸುತ್ತಿದ್ದೇನೆ. ನಿನ್ನ ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ.

ಓದುವವರಿಗೆ ವಿಷಯ ಗೊತ್ತಾಗಲಿ. ಇವಳು ದಾವಣಗೆರೆಯ ಹುಡುಗಿ, ಪೈಲಟ್, ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿತವಳು. ಮದುವೆಯಾಗಿ ಗ್ರೀನ್ ಕಾರ್ಡ್ ಮೇಲೆ ಅರಿಜೋನಾಕ್ಕೆ ಬಂದಿದ್ದಾಳೆ. ಮೆಸಾದ ಫಾಲ್ಕನ್ ಫೀಲ್ಡ್‌ನಲ್ಲಿ ಇನ್‌ಸ್ಟ್ರಕ್ಟರ್ ಆಗಿ ಹಾರಾಟ ಕಲಿಸುತ್ತಾ, ಏರ್‌ಲೈನ್ ಸೇರಲು ಬೇಕಾದ 1500 ಗಂಟೆ ಹಾರಾಟದ ಹತ್ತಿರ ಬಂದಿದ್ದಾಳೆ. ಈಗ ಒಂದು ರೀಜನಲ್ ಕಂಪನಿ, ಅಂದರೆ ದೊಡ್ಡ ಏರ್‌ಲೈನ್‌ಗಳ ಪರವಾಗಿ ಚಿಕ್ಕ ವಿಮಾನ ಹಾರಿಸುವ ಕಂಪನಿ, ಕೆಲಸ ಕೊಡುತ್ತೇನೆ ಅಂದಿದೆ. ಅಲ್ಲಿ ಸೇರಿದರೆ ಮುಂದೆ ಇಂಟರ್‌ವ್ಯೂ ಇಲ್ಲದೆ, ಸರದಿ ಪ್ರಕಾರ, ದೊಡ್ಡ ಏರ್‌ಲೈನ್‌ಗೆ (ಇಲ್ಲಿ ಮೇಜರ್ ಅನ್ನುತ್ತಾರೆ) ಹೋಗಬಹುದು ಅಂತ ಒಪ್ಪಂದ. ಇದಕ್ಕೇ ಇಲ್ಲಿ ಫ್ಲೋ ಅನ್ನುವುದು. ಸೇರುವಾಗ ಬೋನಸ್ ಇದೆ, ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು. ರಿಕ್ರೂಟರ್ "ಐದು ವರ್ಷದಲ್ಲಿ ಮೇಜರ್" ಅಂದಿದ್ದಾರೆ. ಇದನ್ನು ನಂಬಬಹುದಾ, ಫೀನಿಕ್ಸ್ ಕಡೆ ಮನೆ ಇಟ್ಟುಕೊಂಡು ಡ್ಯೂಟಿ ಶುರುವಾಗುವ ಊರಾದ ಫಿಲಡೆಲ್ಫಿಯಾ ಬೇಸ್‌ಗೆ ಓಡಾಡಬಹುದಾ, ಊಟಕ್ಕೆ ಏನು ಮಾಡುವುದು, ನಮ್ಮ ಇಂಗ್ಲಿಷ್ ಇವರಿಗೆ ಹಿಡಿಸುತ್ತಾ, ದೊಡ್ಡ ವಿಮಾನ ಯಾವಾಗ ಅಂತ ಕೇಳುವ ಅಪ್ಪನಿಗೆ ಏನು ಹೇಳುವುದು. ಇಷ್ಟು ಪ್ರಶ್ನೆ.

ಮೊದಲು ಒಂದು ಮಾತು. ಸಹಿ ಹಾಕು. ಆದರೆ ಫ್ಲೋ ಇದೆ ಅಂತ ಹಾಕಬೇಡ. ಆ ಸಾಲುಗಳನ್ನು ಕೈಯಿಂದ ಮುಚ್ಚಿಕೊಂಡು ಉಳಿದದ್ದನ್ನು ಓದು. ಸಂಬಳ, ಬೇಸ್, ಯಾವ ವಿಮಾನ, ಕ್ಯಾಪ್ಟನ್ ಆಗಲು ಎಷ್ಟು ಕಾಲ ಬೇಕು, ತಿಂಗಳಿಗೆ ಎಷ್ಟು ದಿನ ರಜೆ. ಅಷ್ಟಕ್ಕೇ ಆ ಕೆಲಸ ನಿನಗೆ ಒಪ್ಪಿಗೆ ಆದರೆ ಸೇರು. ಫ್ಲೋ ಇಲ್ಲದಿದ್ದರೆ ಬೇಡ ಅನ್ನಿಸಿದರೆ ಬಿಟ್ಟುಬಿಡು, ಬೇರೆ ಕಂಪನಿ ನೋಡು.

ಯಾಕೆ ಅಂತ ಹೇಳುತ್ತೇನೆ. ಫ್ಲೋ ಅಂದರೆ ನಮ್ಮೂರಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಸೀಟು ನಿನ್ನದೇ, ಯಾರೂ ತಕರಾರು ಮಾಡುವುದಿಲ್ಲ. ಬಸ್ಸು ಯಾವಾಗ ಹೊರಡುತ್ತದೆ ಅನ್ನುವುದು ಮಾತ್ರ ಟವೆಲ್ ಹಾಕಿದವರ ಕೈಯಲ್ಲಿಲ್ಲ. ನಿನ್ನ ರೀಜನಲ್ ಕಂಪನಿಯ ಕೈಯಲ್ಲೂ ಇಲ್ಲ. ಮೇಜರ್ ಜನ ತೆಗೆದುಕೊಂಡರೆ ಸರದಿ ಸರಿಯುತ್ತದೆ. ಅದು ನಿಲ್ಲಿಸಿದರೆ ನೀನು ಒಂದನೇ ನಂಬರ್‌ನಲ್ಲಿದ್ದರೂ ಒಂದೇ, ಸಾವಿರನೇ ನಂಬರ್‌ನಲ್ಲಿದ್ದರೂ ಒಂದೇ.

ಇದು ಬರೀ ಭಯ ಹುಟ್ಟಿಸುವ ಮಾತಲ್ಲ, ಆಗಿಹೋದದ್ದು. 1997ರಲ್ಲಿ ಅಮೆರಿಕನ್ ಈಗಲ್ ಎಂಬ ರೀಜನಲ್‌ನ ಪೈಲಟ್‌ಗಳಿಗೆ ಅಮೆರಿಕನ್ ಏರ್‌ಲೈನ್ಸ್‌ಗೆ ಹೋಗುವ ದಾರಿ ಕೊಟ್ಟು ಒಪ್ಪಂದ ಆಯಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಹೆಚ್ಚಿನ ಮೇಜರ್‌ಗಳು ಜನರನ್ನು ಮನೆಗೆ ಕಳಿಸಿದವು. ಫರ್ಲೋ ಅನ್ನುತ್ತಾರಲ್ಲ, ಅದು. ಆಗ ಅದೇ ಒಪ್ಪಂದ ತಿರುಗಿ ಕೆಲಸ ಮಾಡಿತು. ಮೇಲೆ ಕೆಲಸ ಕಳೆದುಕೊಂಡವರು ಕೆಳಗಿನ ಈಗಲ್‌ಗೆ ಇಳಿದು ಬಂದು ಜೆಟ್‌ಗಳ ಕ್ಯಾಪ್ಟನ್ ಸೀಟಿನಲ್ಲಿ ಕೂತರು. ಆ ಸೀಟಿಗೆ ಕಾಯುತ್ತಿದ್ದವರು ಇನ್ನಷ್ಟು ಹಿಂದೆ ಹೋದರು. ಯಾರೂ ಮೋಸ ಮಾಡಲಿಲ್ಲ, ಎಲ್ಲವೂ ಬರೆದುಕೊಂಡ ಹಾಗೇ ನಡೆಯಿತು. ನಿನ್ನ ಒಪ್ಪಂದದಲ್ಲೂ ಇಂಥ ಇಳಿದು ಬರುವ ದಾರಿ ಇದೆಯಾ ಅಂತ ಹುಡುಕು.

ನಾನು ಸೇರಿದ್ದು 2007ರಲ್ಲಿ. ಹೆಂಡತಿ ಇಲ್ಲೇ ಹುಟ್ಟಿ ಬೆಳೆದವಳು, ಹಾಗಾಗಿ ಕಾಗದಪತ್ರದ ತೊಂದರೆ ನನಗೂ ಇರಲಿಲ್ಲ. ಆಗ 1500 ಗಂಟೆಯ ನಿಯಮ ಇರಲಿಲ್ಲ, ಕೆಲವು ನೂರು ಗಂಟೆ ಇದ್ದರೂ ರೀಜನಲ್‌ಗಳು ತೆಗೆದುಕೊಳ್ಳುತ್ತಿದ್ದವು. ಐವತ್ತು ಸೀಟಿನ ಜೆಟ್, ಗಂಟೆಗೆ ಇಪ್ಪತ್ತು ಚಿಲ್ಲರೆ ಡಾಲರ್. ಗಂಟೆ ಅಂದರೆ ವಿಮಾನ ಗೇಟು ಬಿಟ್ಟು ಹೊರಟ ಮೇಲಿನ ಗಂಟೆ, ಏರ್‌ಪೋರ್ಟಿನಲ್ಲಿ ಕಾದು ಕೂತದ್ದು ಲೆಕ್ಕಕ್ಕಿಲ್ಲ. ತಿಂಗಳಿಗೆ 75 ಗಂಟೆಯ ಆಸುಪಾಸಿನ ಖಾತ್ರಿ. ಗುಣಿಸಿ ನೋಡು, ನ್ಯೂಯಾರ್ಕಿನಲ್ಲಿ ಅಷ್ಟರಲ್ಲಿ ಹೇಗೆ ಬದುಕುತ್ತಾರೆ ಅಂತ. ಆದರೂ ಸೇರಿದೆವು. ಯಾಕೆಂದರೆ ನಮಗೂ ಒಂದು ಫ್ಲೋ ಕಾಗದ ಕೊಟ್ಟಿದ್ದರು. ಮೇಜರ್‌ನಲ್ಲಿ ಅರವತ್ತು ತುಂಬುವವರ ಪಟ್ಟಿ ತೋರಿಸಿ "ನಾಲ್ಕು ವರ್ಷ" ಅಂದಿದ್ದರು. ಅರವತ್ತಕ್ಕೆ ನಿವೃತ್ತಿ ಅಂತ ಆಗ ಕಾನೂನು, ಲೆಕ್ಕ ಸರಿಯಾಗೇ ಇತ್ತು.

ಅದೇ ವರ್ಷ ಡಿಸೆಂಬರ್ 13ರಂದು ಕಾನೂನು ಬದಲಾಯಿತು, ನಿವೃತ್ತಿ ವಯಸ್ಸು 65 ಆಯಿತು. ಒಂದೇ ಸಹಿಯಲ್ಲಿ, ಮುಂದಿನ ಐದು ವರ್ಷ ಮನೆಗೆ ಹೋಗಬೇಕಿದ್ದವರೆಲ್ಲ ಸೀಟಿನಲ್ಲೇ ಉಳಿದರು. ಮುಂದಿನ ಬೇಸಿಗೆಯಲ್ಲಿ ಕಚ್ಚಾತೈಲ ಬ್ಯಾರಲ್‌ಗೆ 147 ಡಾಲರ್ ಮುಟ್ಟಿತು, ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿತು. ಮೇಜರ್‌ಗಳು ಹೊಸಬರನ್ನು ತೆಗೆದುಕೊಳ್ಳುವುದಿರಲಿ, ಇದ್ದವರನ್ನೇ ಕಳಿಸತೊಡಗಿದವು. ನಮ್ಮ ಫ್ಲೋ ಪಟ್ಟಿ ಪ್ರತಿ ತಿಂಗಳೂ ಬರುತ್ತಿತ್ತು. ನನ್ನ ನಂಬರ್ ಇದ್ದಲ್ಲೇ ಇತ್ತು. ಆಮೇಲೆ ಕಂಪನಿಯೇ ದಿವಾಳಿ ಕೋರ್ಟಿಗೆ ಹೋಯಿತು, ವಿಮಾನಗಳು ಒಂದೊಂದೇ ಹೋದವು, ಫ್ಲೋ ಕಾಗದವೂ ಅದರ ಜೊತೆ ಹೋಯಿತು. ಇನ್ನೊಂದು ರೀಜನಲ್‌ಗೆ ಹೋಗಿ ಪಟ್ಟಿಯ ತಳದಿಂದ ಮತ್ತೆ ಶುರು ಮಾಡಿದೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೋ. ಈ ದೇಶದಲ್ಲಿ ಪೈಲಟ್‌ಗೆ ಸೀನಿಯಾರಿಟಿ ನಂಬರೇ ಎಲ್ಲ. ಯಾವ ಬೇಸ್, ಯಾವ ವಿಮಾನ, ದೀಪಾವಳಿಗೆ ರಜೆ ಸಿಗುತ್ತಾ ಇಲ್ಲವಾ, ಕೆಲಸ ಕಡಿತ ಆದರೆ ಯಾರು ಮೊದಲು ಹೊರಗೆ, ಎಲ್ಲವೂ ಆ ನಂಬರ್ ಮೇಲೆ. ಎಷ್ಟು ಚೆನ್ನಾಗಿ ವಿಮಾನ ಹಾರಿಸುತ್ತೀಯ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕಂಪನಿ ಬದಲಿಸಿದರೆ ನಂಬರ್ ಜೊತೆಗೆ ಬರುವುದಿಲ್ಲ. ರೀಜನಲ್‌ಗಳನ್ನೇ ನೋಡು, 2012ರಲ್ಲಿ ಕಾಮ್‌ಏರ್ ಮುಚ್ಚಿತು. 2020ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಸ್ಟೇಟ್ಸ್ ಮತ್ತು ಕಂಪಾಸ್ ಮುಚ್ಚಿದವು. ಅದೇ ಸೆಪ್ಟೆಂಬರ್ ಕೊನೆಗೆ ಎಕ್ಸ್‌ಪ್ರೆಸ್‌ಜೆಟ್ ಯುನೈಟೆಡ್‌ಗೆ ಹಾರಿಸುವುದನ್ನು ನಿಲ್ಲಿಸಿತು. ಅವುಗಳಲ್ಲಿ ಹಲವು ಕಡೆ ಇಪ್ಪತ್ತು ವರ್ಷ ದುಡಿದ ಕ್ಯಾಪ್ಟನ್‌ಗಳಿದ್ದರು. ಬೇರೆ ಕಡೆ ಹೋದವರು ಇಪ್ಪತ್ತೈದು ವರ್ಷದ ಹುಡುಗರ ಹಿಂದೆ ನಿಂತರು.

ಅದಕ್ಕೇ ಕ್ಲಾಸ್ ಡೇಟ್, ಅಂದರೆ ಕಂಪನಿಯ ಟ್ರೈನಿಂಗ್ ಶುರುವಾಗುವ ದಿನದ ವಿಷಯದಲ್ಲಿ ಉದಾಸೀನ ಮಾಡಬೇಡ. ಊರಿಗೆ ಹೋಗಿ ಬಂದು ಮುಂದಿನ ತಿಂಗಳ ಕ್ಲಾಸಿಗೆ ಸೇರಲಾ ಅಂತ ಕೇಳಿದ್ದೀಯ. ಬೇಡ. ಸಿಗುವ ಮೊದಲ ಕ್ಲಾಸಿಗೆ ಸೇರು. ಒಂದು ತಿಂಗಳು ತಡ ಅಂದರೆ ನಿನ್ನ ಮುಂದೆ ಎಷ್ಟೋ ಜನ ಬಂದು ನಿಂತಿರುತ್ತಾರೆ, ಆಮೇಲೆ ಅವರು ಕೊನೆತನಕ ನಿನ್ನ ಮುಂದೆಯೇ. ಊರಿಗೆ ಟ್ರೈನಿಂಗ್ ಮುಗಿಸಿ ಹೋಗು.

ಈಗ ಒಪ್ಪಂದದ ಕಾಗದಕ್ಕೆ ಬರೋಣ. ನೀನು ಕಳಿಸಿದ ಪುಟಗಳಲ್ಲಿ ನಾನು ಮೊದಲು ಹುಡುಕಿದ್ದು ಒಂದೇ. ತಿಂಗಳಿಗೆ "ಕನಿಷ್ಠ" ಇಷ್ಟು ಜನರನ್ನು ಮೇಜರ್ ತೆಗೆದುಕೊಳ್ಳಬೇಕು ಅಂತ ಇದೆಯಾ, "ಗರಿಷ್ಠ" ಇಷ್ಟು ಜನ ಹೋಗಬಹುದು ಅಂತ ಇದೆಯಾ. ನಿನ್ನದರಲ್ಲಿ ಗರಿಷ್ಠ ಅಂತ ಇದೆ. ಗರಿಷ್ಠ ಹತ್ತು ಅಂದರೆ ಸೊನ್ನೆ ಆದರೂ ಒಪ್ಪಂದ ಮುರಿದ ಹಾಗೆ ಆಗುವುದಿಲ್ಲ, ಅಲ್ವಾ? ಅದರ ಕೆಳಗೇ ಇನ್ನೊಂದು ಸಾಲಿದೆ ನೋಡು, ಕಂಪನಿಗೆ ಕ್ಯಾಪ್ಟನ್‌ಗಳು ಕಡಿಮೆ ಬಿದ್ದರೆ ಹೋಗಬೇಕಾದವರನ್ನು ತಡೆದು ನಿಲ್ಲಿಸಬಹುದು ಅಂತ. ಅಂದರೆ ಅವರಿಗೆ ನಿನ್ನ ಅಗತ್ಯ ಎಷ್ಟು ಹೆಚ್ಚೋ ಅಷ್ಟು ಹೆಚ್ಚು ಕಾಲ ನೀನು ಅಲ್ಲೇ ಇರಬೇಕು. ಇದನ್ನು ಮೇಲೆ ಮೇಲೆ ಓದಿ ದಾಟಿಹೋಗಬೇಡ. ಎಷ್ಟು ತಿಂಗಳು ತಡೆಯಬಹುದು ಅಂತ ಮಿತಿ ಇಲ್ಲದಿದ್ದರೆ ಯೂನಿಯನ್‌ನವರನ್ನು ಕೇಳು, ಅದಕ್ಕೆ ಬೇರೆ ಪತ್ರ ಇರಬಹುದು. ಕಂಪನಿ ಮಾರಾಟ ಆದರೆ, ವಿಲೀನ ಆದರೆ ಈ ಒಪ್ಪಂದ ಉಳಿಯುತ್ತಾ ಅನ್ನುವುದನ್ನೂ ಅವರ ಬಾಯಲ್ಲೇ ಕೇಳು. ರಿಕ್ರೂಟರ್‌ಗೆ ಅದು ಗೊತ್ತಿರಬೇಕು ಅಂತಿಲ್ಲ.

ಬೋನಸ್ ಬಗ್ಗೆ. ಕೈಗೆ ಬರುವುದು ತೆರಿಗೆ ಕಳೆದ ಹಣ. ವಾಪಸ್ ಕೇಳುವಾಗ ಕೆಲವು ಕಡೆ ತೆರಿಗೆಗೆ ಮುಂಚಿನ ಪೂರ್ತಿ ಮೊತ್ತ ಕೇಳುತ್ತಾರೆ. ತಿಂಗಳು ತಿಂಗಳಿಗೆ ಬಾಕಿ ಇಳಿಯುತ್ತದಾ, ಅಥವಾ ಎರಡು ವರ್ಷಕ್ಕೆ ಒಂದು ದಿನ ಕಡಿಮೆ ಇದ್ದರೂ ಪೂರ್ತಿ ಕಟ್ಟಬೇಕಾ? ಸಿಮ್ಯುಲೇಟರ್‌ನಲ್ಲಿ ನಡೆಯುವ ಪರೀಕ್ಷೆಯಲ್ಲಿ (ಚೆಕ್‌ರೈಡ್) ಫೇಲ್ ಆಗಿ ಅವರೇ ಕಳಿಸಿದರೆ ಯಾರ ಜವಾಬ್ದಾರಿ? ಇದು ಸ್ಪಷ್ಟ ಆಗುವವರೆಗೆ ಆ ದುಡ್ಡು ಮುಟ್ಟಬೇಡ. ಬ್ಯಾಂಕಿನಲ್ಲೇ ಇರಲಿ, ಸಾಲಕ್ಕೂ ಕಟ್ಟಬೇಡ.

ಸಂಬಳದ ವಿಷಯದಲ್ಲಿ ಮಾತ್ರ ನಿನ್ನ ಕಾಲ ನನ್ನ ಕಾಲಕ್ಕಿಂತ ಎಷ್ಟೋ ಚೆನ್ನಾಗಿದೆ, ಅದು ನನಗೆ ಸಂತೋಷ. ಅದಕ್ಕೆ ಕಾರಣ ದುಃಖದ್ದು. 2009ರ ಫೆಬ್ರವರಿ 12ರ ರಾತ್ರಿ ಬಫಲೋ ಹತ್ತಿರ ಕೋಲ್ಗನ್ ಏರ್ ಎಂಬ ರೀಜನಲ್‌ನ 3407 ವಿಮಾನ ಬಿತ್ತು, ಐವತ್ತು ಜನ ಹೋದರು. ಸತ್ತವರ ಮನೆಯವರು ವಾಷಿಂಗ್ಟನ್‌ಗೆ ಅಲೆದು ಅಲೆದು 2010ರಲ್ಲಿ ಕಾನೂನು ತಂದರು. 2013ರಿಂದ ಫಸ್ಟ್ ಆಫೀಸರ್‌ಗೂ, ಅಂದರೆ ಕೋ-ಪೈಲಟ್‌ಗೂ, 1500 ಗಂಟೆ ಬೇಕು ಅಂತಾಯಿತು. ಇಲ್ಲಿನ ವಿಮಾನಯಾನ ಇಲಾಖೆ ಎಫ್ಎಎ ಒಪ್ಪಿದ ಕಾಲೇಜುಗಳಲ್ಲಿ ವಿಮಾನಯಾನದ ಡಿಗ್ರಿ ಮಾಡಿದವರಿಗೆ 1000 ಸಾಕು, ನಮ್ಮಂಥವರಿಗೆ ಪೂರ್ತಿ ಬೇಕು. ಹಾಗಾಗಿ ರೀಜನಲ್‌ಗಳಿಗೆ ಜನ ಸಿಗುವುದು ಕಷ್ಟವಾಯಿತು, ಸಂಬಳ ಏರಿತು. 2022ರ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ರೀಜನಲ್‌ಗಳಾದ ಎನ್ವಾಯ್, ಪೀಡ್‌ಮಂಟ್, ಪಿಎಸ್ಎ ಮೂರೂ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ ಸುಮಾರು 90 ಡಾಲರ್ ಕೊಡತೊಡಗಿದವು. ಈಗ ಈ ಸಂಬಳದಲ್ಲಿ ಮನುಷ್ಯರ ಹಾಗೆ ಬದುಕಬಹುದು. ಅದಕ್ಕೇ ಫ್ಲೋ ಮುಚ್ಚಿಕೊಂಡು ಓದು ಅಂತ ಧೈರ್ಯವಾಗಿ ಹೇಳುತ್ತಿದ್ದೇನೆ. ನನ್ನ ಕಾಲದಲ್ಲಿ ಹಾಗೆ ಓದಿದ್ದರೆ ಉಳಿಯುತ್ತಿದ್ದದ್ದು ಏನೂ ಇರಲಿಲ್ಲ.

ಇನ್ನೊಂದು. ಫ್ಲೋ ಇದೆ ಅಂತ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡ. ಕಂಪನಿಗಳು ಫ್ಲೋ ಕೊಡುವುದೇ ಜನ ಬಿಟ್ಟು ಹೋಗದೆ ಕಾಯಲಿ ಅಂತ. 2022, 2023ರಲ್ಲಿ ಮೇಜರ್‌ಗಳು ಸಿಕ್ಕಾಪಟ್ಟೆ ಜನ ತೆಗೆದುಕೊಂಡಾಗ, ನೇರ ಅರ್ಜಿ ಹಾಕಿದ ಎಷ್ಟೋ ಜನ ಫ್ಲೋ ಸರದಿಯಲ್ಲಿದ್ದವರಿಗಿಂತ ಮೊದಲೇ ಹೋಗಿ ಕೂತರು. 2024ರಲ್ಲಿ ಬಾಗಿಲು ಮತ್ತೆ ಅರ್ಧ ಮುಚ್ಚಿತು. ಬೋಯಿಂಗ್ ವಿಮಾನ ಬರುವುದು ತಡ ಅಂತ ಯುನೈಟೆಡ್ ಆ ವರ್ಷ ಮೇ, ಜೂನ್‌ನಲ್ಲಿ ಹೊಸ ಪೈಲಟ್‌ಗಳನ್ನು ತೆಗೆದುಕೊಳ್ಳಲಿಲ್ಲ. ನೋಡು, ಸಿಯಾಟಲ್ ಕಡೆಯ ಕಾರ್ಖಾನೆಯಲ್ಲಿ ಕೆಲಸ ತಡವಾದರೆ ಮೆಸಾದ ಹುಡುಗಿಯ ಸರದಿ ನಿಲ್ಲುತ್ತದೆ. ನಾನು ಕೊನೆಗೆ ಮೇಜರ್‌ಗೆ ಬಂದದ್ದೂ ನೇರ ಅರ್ಜಿಯಿಂದಲೇ, ಇಂಟರ್‌ವ್ಯೂ ಕೊಟ್ಟು. ಕ್ಯಾಪ್ಟನ್ ಗಂಟೆಗಳು ನಿನ್ನ ಲಾಗ್‌ಬುಕ್‌ನಲ್ಲಿದ್ದರೆ ಅದನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ. ಏರ್‌ಲೈನ್ ಹಾರಾಟದಲ್ಲೇ 1000 ಗಂಟೆ ತುಂಬಿದ ಮೇಲೆ ಕ್ಯಾಪ್ಟನ್ ಆಗಬಹುದು. ಆ ಅವಕಾಶ ಬಂದ ದಿನ, ಎಷ್ಟೇ ಕೆಟ್ಟ ಶೆಡ್ಯೂಲ್ ಸಿಕ್ಕಿದರೂ, ತೆಗೆದುಕೋ.

ಓಡಾಟದ ಬಗ್ಗೆ ಕೇಳಿದ್ದೀಯ. ಗಂಡನ ಕೆಲಸ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ, ನಿನ್ನ ಬೇಸ್ ಫಿಲಡೆಲ್ಫಿಯಾ. ಆಗುವುದಿಲ್ಲ ಅಂತ ಹೇಳುವುದಿಲ್ಲ, ಸಾವಿರಾರು ಜನ ಮಾಡುತ್ತಾರೆ. ಆದರೆ ಮೊದಲ ವರ್ಷ ನೀನು ರಿಸರ್ವ್‌ನಲ್ಲಿರುತ್ತೀಯ, ಅಂದರೆ ಕರೆಗೆ ಕಾಯುವ ಡ್ಯೂಟಿ, ಫೋನ್ ಬಂದರೆ ಎರಡು ಗಂಟೆಯಲ್ಲಿ ಏರ್‌ಪೋರ್ಟಿನಲ್ಲಿರಬೇಕು. ಅದನ್ನು ಅರಿಜೋನಾದಲ್ಲಿ ಕೂತು ಮಾಡಲು ಬರುವುದಿಲ್ಲ. ಜೊತೆಗೆ ಅರಿಜೋನಾ ಗಡಿಯಾರ ಬದಲಿಸುವುದಿಲ್ಲ, ಬೇಸಿಗೆಯಲ್ಲಿ ಮೂರು ಗಂಟೆ ವ್ಯತ್ಯಾಸ. ಫಿಲಡೆಲ್ಫಿಯಾದಲ್ಲಿ ಬೆಳಿಗ್ಗೆ ಆರಕ್ಕೆ ಹಾಜರಾಗಬೇಕು ಅಂದರೆ ನಿನ್ನ ದೇಹಕ್ಕೆ ಅದು ಮೂರು ಗಂಟೆ. ಕೋಲ್ಗನ್ ವಿಮಾನದ ಫಸ್ಟ್ ಆಫೀಸರ್ ಸಿಯಾಟಲ್ ಕಡೆಯವಳು, ಬೇಸ್ ನ್ಯೂಆರ್ಕ್. ಹಿಂದಿನ ರಾತ್ರಿ ಮೆಂಫಿಸ್ ಮೂಲಕ ರಾತ್ರಿಯಿಡೀ ವಿಮಾನ ಹತ್ತಿಳಿದು ಕೆಲಸಕ್ಕೆ ಬಂದಿದ್ದಳು. ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತಿದೆ ಅನ್ನುವ ಸ್ಟಾಲ್ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಅಂತ ತನಿಖೆ ಹೇಳಿತು, ದಣಿವು ಎಷ್ಟರ ಮಟ್ಟಿಗೆ ಕಾರಣ ಅಂತ ಅಳೆದು ಹೇಳಲು ಅವರಿಗೆ ಆಗಲಿಲ್ಲ. ಆದರೆ ಆ ವರದಿ ಓದಿದ ಮೇಲೆ ನಾನು ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಡ್ಯೂಟಿಗೆ ಹೋದದ್ದಿಲ್ಲ. ಒಂದು ದಿನ ಮುಂಚೆ ಬಾ. ಕ್ರಾಶ್ ಪ್ಯಾಡ್ ಬಾಡಿಗೆಗೆ ಜಿಪುಣತನ ಮಾಡಬೇಡ.

ಕ್ರಾಶ್ ಪ್ಯಾಡ್ ಅಂದರೆ ನಾಲ್ಕಾರು ಪೈಲಟ್‌ಗಳು, ಕ್ರೂ ಹುಡುಗಿಯರು ಸೇರಿ ಹಿಡಿದ ಮನೆ. ನನ್ನದು ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್‌ನಲ್ಲಿತ್ತು, ಆ ಬಡಾವಣೆಯಲ್ಲಿ ಬೀದಿಗೊಂದು ಇಂಥ ಮನೆ. ಬಂಕ್ ಮಂಚ, ಕಿಟಕಿಗೆ ಕಪ್ಪು ಪರದೆ, ಹಗಲಲ್ಲೂ ಯಾರಾದರೂ ಮಲಗಿರುತ್ತಾರೆ. ಅಡುಗೆಮನೆ ಪಕ್ಕದಲ್ಲೇ ಯೂನಿಫಾರ್ಮ್ ನೇತುಹಾಕುವ ಕಂಬಿ. ಒಗ್ಗರಣೆ ಹಾಕುವ ಮುಂಚೆ ಎಲ್ಲರ ಕೋಟುಗಳನ್ನೂ ಎತ್ತಿ ಒಳಗಿನ ಕೋಣೆಗೆ ಹಾಕಿ ಬಾಗಿಲು ಮುಚ್ಚುತ್ತಿದ್ದೆ. ಇಂಗು, ಸಾಸಿವೆ ವಾಸನೆ ಉಣ್ಣೆ ಬಟ್ಟೆಗೆ ಹತ್ತಿದರೆ ಬಿಡುವುದೇ ಇಲ್ಲ. ನೀನೂ ಹಾಗೇ ಮಾಡು. ಊಟದ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಚಿಕ್ಕ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ. ಹೋಟೆಲ್ ಕೋಣೆಯ ಕಾಫಿ ಮೆಷಿನ್ ಬಿಸಿನೀರಿನಲ್ಲಿ ಅವಲಕ್ಕಿ ನೆನೆಯುತ್ತದೆ. ಮೊಸರು ಎಲ್ಲ ಕಡೆ ಸಿಗುತ್ತದೆ.

ಇಂಗ್ಲಿಷ್ ಬಗ್ಗೆ ಚಿಂತೆ ಬೇಡ. ಫಾಲ್ಕನ್ ಫೀಲ್ಡ್ ರೇಡಿಯೋದಲ್ಲಿ ಇಷ್ಟು ದಿನ ಮಾತಾಡಿದವಳಿಗೆ ಇನ್ನೇನು? ಹೆಣ್ಣುಮಗಳು ಅಂತಲೂ ಹಿಂಜರಿಯಬೇಡ. ನಮ್ಮ ದೇಶದಲ್ಲಿ ಪೈಲಟ್‌ಗಳಲ್ಲಿ ಸುಮಾರು ಶೇ. 15ರಷ್ಟು ಮಹಿಳೆಯರು, ಇಲ್ಲಿನ ಏರ್‌ಲೈನ್‌ಗಳಲ್ಲಿ ಅದರ ಅರ್ಧವೂ ಇಲ್ಲ. ಯಾರಾದರೂ ಒಂಥರಾ ನೋಡಿದರೆ ಈ ಲೆಕ್ಕ ಹೇಳು. ನಾನು ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತೇನೆ. ಮಗುವಿನ ವಿಷಯ ಕೇಳಿದ್ದೀಯ, ಅದಕ್ಕೆ ನನ್ನ ಮಾತು ಸಾಲದು. ಆ ಕಂಪನಿಯಲ್ಲೇ ಇರುವ ಮಹಿಳಾ ಪೈಲಟ್‌ಗಳ ನಂಬರ್ ಯೂನಿಯನ್ ಮೂಲಕ ತೆಗೆದುಕೊಂಡು ಮಾತಾಡು.

ಕೊನೆಗೆ ಅಪ್ಪನಿಗೆ ಏನು ಹೇಳಲಿ ಅಂದೆಯಲ್ಲ. ಅದನ್ನು ನೀನು ಪತ್ರದ ತುದಿಗೆ ಒಂದು ಸಾಲಿನಲ್ಲಿ ಕೇಳಿ ಮುಗಿಸಿದ್ದೀಯ. ನನಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ ಅನ್ನಿಸಿತು.

ನಾವು ಸಾಗರದ ಕಡೆಯವರು. ಅಡಿಕೆ ತೋಟ, ಹೆಚ್ಚಿಲ್ಲ, ಮನೆ ನಡೆಯುವಷ್ಟು. ನನ್ನ ಫ್ಲೋರಿಡಾದ ಟ್ರೈನಿಂಗ್ ದುಡ್ಡು ಅಪ್ಪಯ್ಯ ಮಂಡಿಯಲ್ಲಿ ಸಾಲ ಮಾಡಿ ಕಳಿಸಿದ್ದು. ಅಡಿಕೆ ಬೆಳೆಗಾರರ ಮನೆಯವರಿಗೆ ಬೇರೆ ಹೇಳಬೇಕಿಲ್ಲ. ಬೆಳೆ ಬಂದಾಗ ಅದೇ ಮಂಡಿಗೆ ಅಡಿಕೆ ಹಾಕುವುದು, ಸಾಲ ಮುರಿದುಕೊಂಡು ಉಳಿದದ್ದು ಕೈಗೆ. ಕೆಲಸ ಸಿಕ್ಕಿದ ದಿನ ಫೋನ್ ಮಾಡಿ ನಾನು ರಿಕ್ರೂಟರ್ ಹೇಳಿದ ಮಾತನ್ನೇ ಹೇಳಿದೆ. ನಾಲ್ಕು ವರ್ಷ, ಆಮೇಲೆ ದೊಡ್ಡ ಕಂಪನಿ, ದೊಡ್ಡ ಸಂಬಳ. ಕಾಗದ ಕೈಯಲ್ಲಿತ್ತು, ಸುಳ್ಳು ಹೇಳಲಿಲ್ಲ. ಅಪ್ಪಯ್ಯ ಆ ಮಾತನ್ನು ಹಾಗೇ ತೆಗೆದುಕೊಂಡು ಹೋಗಿ ಮಂಡಿಯಲ್ಲಿ ಹೇಳಿದರು. 2011ಕ್ಕೆ ಮಗ ಪೂರ್ತಿ ತೀರಿಸುತ್ತಾನೆ ಅಂತ. ಅವರ ಮಾತಿಗೆ ಅಲ್ಲಿ ಬೆಲೆ ಇತ್ತು, ಮಂಡಿಯವರೂ ಒತ್ತಾಯ ಮಾಡದೆ ಕಾದರು. ನನ್ನ ಸ್ವಂತ ತಂಗಿಯ ಮದುವೆಯ ಖರ್ಚು, ಹಳೇ ಮನೆಯ ಹೆಂಚು ಹೊದಿಸುವುದು, ಎಲ್ಲಕ್ಕೂ 2011 ಅಂತಲೇ ಮನೆಯಲ್ಲಿ ಲೆಕ್ಕ ಹಾಕಿಕೊಂಡರು.

ಇಲ್ಲಿ ಕಾನೂನು ಬದಲಾದದ್ದು, ತೈಲದ ಬೆಲೆ, ಕಂಪನಿ ದಿವಾಳಿ, ಇದನ್ನೆಲ್ಲ ಫೋನಿನಲ್ಲಿ ಹೇಗೆ ಹೇಳುವುದು. ಸ್ವಲ್ಪ ತಡ ಆಗುತ್ತದೆ ಅಂತ ಹೇಳುತ್ತಿದ್ದೆ. ಆಗಲಿ ಬಿಡು, ಆರೋಗ್ಯ ನೋಡಿಕೋ ಅನ್ನುತ್ತಿದ್ದರು. ಆಗುವಷ್ಟು ಕಳಿಸುತ್ತಿದ್ದೆ, ಬಡ್ಡಿಗೆ ಸರಿ ಹೋಗುತ್ತಿತ್ತೋ ಏನೋ.

2013ರಲ್ಲಿ ಊರಿಗೆ ಹೋಗಿದ್ದೆ. ಮಳೆಗಾಲ ಶುರುವಾಗಿತ್ತು, ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಸಮಯ. ಅಪ್ಪಯ್ಯನ ಜೊತೆ ತೋಟಕ್ಕೆ ಇಳಿದೆ. ಹಳ್ಳದ ಬದಿಗೆ ಅರ್ಧ ಎಕರೆಯ ತುಂಡು ಒಂದಿತ್ತು, ತಂಪು ಜಾಗ. ಅಲ್ಲಿನ ಮರಗಳಿಗೆ ಅಜ್ಜನ ಕಾಲದ ಕಾಳುಮೆಣಸಿನ ಬಳ್ಳಿಗಳು. ಆ ಕಡೆ ಹೋಗುವ ಸಂಕ ದಾಟುವ ಮೊದಲೇ ಅಪ್ಪಯ್ಯ ನಿಂತುಬಿಟ್ಟರು. ಆಚೆ ಹೊಸ ತಂತಿ ಬೇಲಿ. "ಅದು ಈಗ ನಮ್ಮದಲ್ಲ" ಅಂದರು, ಹಿಂದಿನ ವರ್ಷ ಕೊಟ್ಟದ್ದಂತೆ. ಅಷ್ಟೇ. ಆಮೇಲೆ ಈ ಸಲ ಬೋರ್ಡೋ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗುತ್ತಿಲ್ಲ ಅಂತ ಮಾತು ಬದಲಿಸಿ ತಿರುಗಿ ನಡೆದರು. ನನ್ನನ್ನು ಒಂದು ಮಾತು ಕೇಳಬಾರದಿತ್ತಾ ಅಂತ ಅಮ್ಮನ ಹತ್ತಿರ ಕೇಳಿದೆ. ಕೊಟ್ಟ ಮಾತಿನ ವರ್ಷ ದಾಟಿತ್ತು, ಮಂಡಿಯವರ ಮುಖ ನೋಡಲು ಅವರಿಗೆ ಆಗಲಿಲ್ಲ ಅಂದಳು. ಇವತ್ತು ನನ್ನ ಹತ್ತಿರ ಅಂಥ ನಾಲ್ಕು ತುಂಡು ಕೊಳ್ಳುವ ಶಕ್ತಿ ಇದೆ. ಆ ತುಂಡು ಕೊಡುವವರಿಲ್ಲ. ಎರಡು ಸಲ ಕೇಳಿಸಿದೆ, ಅವರೂ ಪ್ರೀತಿಯಿಂದ ಸಾಕಿದ್ದಾರೆ, ಕೊಡುವುದಿಲ್ಲ ಅಂದರು.

ನಿನ್ನ ಅಪ್ಪ ಸೈಟು ಅಡವಿಟ್ಟು ಜಕ್ಕೂರಿಗೆ ಕಳಿಸಿದ್ದಾರೆ ಅಂತ ಬರೆದಿದ್ದೀಯ. ಹಾಗಾಗಿ ಹೇಳುತ್ತಿದ್ದೇನೆ, ಐದು ವರ್ಷ ಅನ್ನುವ ಅಂಕಿಯನ್ನು ದಾವಣಗೆರೆಗೆ ದಾಟಿಸಬೇಡ. ನಮ್ಮ ಕಡೆ ಮಕ್ಕಳು ಹೇಳಿದ ವರ್ಷ ಮನೆಯವರ ಮಾತಾಗುತ್ತದೆ, ಅವರು ಅದನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ, ಉಳಿಸಿಕೊಳ್ಳಲು ಏನನ್ನು ಬೇಕಾದರೂ ಮಾರುತ್ತಾರೆ, ನಮಗೆ ಹೇಳುವುದೂ ಇಲ್ಲ. ಅಪ್ಪನಿಗೆ ಈಗಿನ ಸಂಬಳ ಹೇಳು. ತಿಂಗಳಿಗೆ ಇಷ್ಟು ಕಳಿಸುತ್ತೇನೆ, ಸೈಟಿನ ಸಾಲ ಇಂಥ ತಿಂಗಳಿಗೆ ತೀರುತ್ತದೆ ಅಂತ ಫಸ್ಟ್ ಆಫೀಸರ್ ಸಂಬಳದ ಮೇಲೇ ಲೆಕ್ಕ ಹಾಕಿ ತೋರಿಸು. ಮೇಜರ್ ಕ್ಲಾಸ್ ಡೇಟ್ ಕೈಗೆ ಬಂದ ದಿನ ದೊಡ್ಡ ವಿಮಾನದ ಮಾತು ಹೇಳಿದರೆ ಆಯಿತು. ಈಗಿನದೂ 76 ಸೀಟಿನ ಜೆಟ್. ಅದರ ಮುಂದೆ ನಿಂತು ಒಂದು ಫೋಟೋ ಕಳಿಸು, ಅಪ್ಪನಿಗೆ ಅದು ದೊಡ್ಡದೇ.

ವಾಪಸ್ ಹೋಗಿ ಇಂಡಿಗೋ ಸೇರುವುದಾ ಅನ್ನುವುದನ್ನು ನೀನೂ ಗಂಡನೂ ಕೂತು ಮಾತಾಡಿಕೊಳ್ಳಿ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನನಗೆ ಈಗಲೂ ಕೆಲವು ರಾತ್ರಿ ಅದೇ ಯೋಚನೆ ಬರುತ್ತದೆ, ಇಷ್ಟು ಸೀನಿಯಾರಿಟಿ ಕೂಡಿದ ಮೇಲೆ ಬಿಡಲು ಕೈ ಬರುವುದಿಲ್ಲ.

ಚಳಿಗಾಲದ ಬಗ್ಗೆ ನೀನು ಕೇಳಲೇ ಇಲ್ಲ, ನಾನೇ ಹೇಳುತ್ತೇನೆ. ಅರಿಜೋನಾದಲ್ಲಿ ಕಲಿಸಿದವಳಿಗೆ ರೆಕ್ಕೆಯ ಮೇಲಿನ ಐಸ್ ಪುಸ್ತಕದಲ್ಲಿ ಮಾತ್ರ ಗೊತ್ತು. ಫಿಲಡೆಲ್ಫಿಯಾದಲ್ಲಿ ಜನವರಿಯಲ್ಲಿ ಮೊದಲು ಕಿತ್ತಳೆ ಬಣ್ಣದ ಬಿಸಿ ದ್ರವ ಹೊಡೆದು ಐಸ್ ತೆಗೆಯುತ್ತಾರೆ, ಆಮೇಲೆ ಹಸಿರು ದ್ರವ ಹೊಡೆಯುತ್ತಾರೆ, ಮತ್ತೆ ಐಸ್ ಕೂರದಿರಲಿ ಅಂತ. ಅದು ಎಷ್ಟು ಹೊತ್ತು ತಡೆಯುತ್ತದೆ ಅನ್ನುವ ಪಟ್ಟಿ ಇದೆ, ಟ್ರೈನಿಂಗ್‌ನಲ್ಲಿ ಕೊಡುತ್ತಾರೆ. ಅದನ್ನು ಪರೀಕ್ಷೆಗೆ ಓದಿದ ಹಾಗೆ ಓದಬೇಡ, ಸಂದೇಹ ಬಂದರೆ ಕ್ಯಾಪ್ಟನ್ ಎಷ್ಟೇ ಹಳಬರಾದರೂ ಬಾಯಿಬಿಟ್ಟು ಕೇಳು. ವಿಮಾನದ ಸುತ್ತ ನಡೆದು ನೋಡಲು ಒಳ್ಳೇ ಬೂಟು, ತೆಳ್ಳನೆ ಉಣ್ಣೆ ಕೈಗವಸು ತೆಗೆದುಕೋ. ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಫಿಲಡೆಲ್ಫಿಯಾದಿಂದ ದೂರ ಇಲ್ಲ. ರಿಸರ್ವ್ ಮುಗಿದ ದಿನ ಬಾ, ಊಟ ಮಾಡಿಕೊಂಡು ಹೋಗು. ಕ್ಲಾಸ್ ಡೇಟ್ ಬಂದ ತಕ್ಷಣ ತಿಳಿಸು, ತಡೆಹಿಡಿಯುವ ಮಿತಿಯ ಬಗ್ಗೆ ಯೂನಿಯನ್‌ನವರು ಏನಂದರು ಅಂತಲೂ ಬರಿ.